"ಮಲತಂದೆ" ಅಂತ ಬರೆಯಲಿಕ್ಕೆ ಕೈ ಬರ್ತಾ ಇಲ್ಲ, ಬೇರೆ ಪದ ಉಂಟಾ?

ಕಟಪಾಡಿ ಹುಡುಗ · ಮಂಗಳವಾರ ರಾತ್ರಿ 10:40

ಒಂದು ಸಹಾಯ ಬೇಕಿತ್ತು. ಕಳೆದ ವಾರ ನಮ್ಮ ಮನೆಯ ಹಿರಿಯರು ತೀರಿಕೊಂಡರು. 78 ವರ್ಷ. ಬರುವ ಭಾನುವಾರ ಉತ್ತರಕ್ರಿಯೆ. ಪೇಪರಿಗೆ ಶ್ರದ್ಧಾಂಜಲಿ ಕೊಡಬೇಕು ಅಂತ ಅಮ್ಮ ಹೇಳಿದ್ದಾರೆ, ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ಫೋಟೋ ಹೇಗೋ ಸಿಕ್ಕಿತು (ಎಲ್ಲ ಫೋಟೋದಲ್ಲೂ ಮನುಷ್ಯ ಹಿಂದಿನ ಸಾಲು, ಅರ್ಧ ಮುಖ). ಹೆಸರು, ಹುಟ್ಟಿದ ದಿನ ಬರೆದಾಯ್ತು. ಆಮೇಲೆ "ನಮ್ಮ ಪ್ರೀತಿಯ" ಅಂತ ಬರೆದು ಎರಡು ದಿನದಿಂದ ಅಲ್ಲೇ ಕೂತಿದ್ದೇನೆ.

ಅವರು ನನ್ನ ಹೆತ್ತ ಅಪ್ಪ ಅಲ್ಲ. ಅಪ್ಪ 1988ರಲ್ಲಿ ಹಾರ್ಟ್ ಅಟ್ಯಾಕ್ ಆಗಿ ಹೋದರು, ನನಗೆ ಆಗ ಆರು ವರ್ಷ. ಇವರು ಅಪ್ಪನ ದೋಸ್ತಿ. ಇಬ್ಬರೂ ಹಾಸನ–ಮಂಗಳೂರು ರೈಲು ಮಾರ್ಗದ ಕೆಲಸದಲ್ಲಿ ಒಟ್ಟಿಗೆ ಇದ್ದವರು, ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿಯಲ್ಲಿ ಒಂದೇ ಶೆಡ್ಡಿನಲ್ಲಿ ಎಷ್ಟೋ ಮಳೆಗಾಲ ಕಳೆದವರು. ಅಪ್ಪ ಹೋದ ಮೇಲೆ ಪ್ರತೀ ತಿಂಗಳ ಮೊದಲ ಭಾನುವಾರ ಬಜಾಜ್ ಸ್ಕೂಟರಿನಲ್ಲಿ ಬರುತ್ತಿದ್ದರು, ಮುಂದೆ ಕಾಲಿನ ಹತ್ತಿರ ಕುಚಲಕ್ಕಿ ಚೀಲ. ಜಗಲಿಯಲ್ಲಿ ಕೂರುವುದು, ಅಜ್ಜಿ ಕೊಟ್ಟ ಬೆಲ್ಲ ನೀರು ಕುಡಿಯುವುದು, ನನಗೆ ಭಾಗಾಕಾರ ಹೇಳಿಕೊಡುವುದು, ಎದ್ದು ಹೋಗುವುದು. ನಾಲ್ಕು ವರ್ಷದಲ್ಲಿ ಒಂದು ದಿನವೂ ಹೊಸಿಲು ದಾಟಲಿಲ್ಲ. 1992ರಲ್ಲಿ ಅಮ್ಮನನ್ನು ಮದುವೆಯಾದರು. ಅಜ್ಜಿಯೇ ಮುಂದೆ ನಿಂತು ಮಾಡಿಸಿದ್ದು. ಮದುವೆ ಮುಗಿಸಿ ಬಂದ ಸಂಜೆಯೂ ಸೀದಾ ಹೋಗಿ ಜಗಲಿಯಲ್ಲೇ ಕೂತರು. "ಒಳಗೆ ಬನ್ನಿ, ಇನ್ನು ಎಂತ ಜಗಲಿ" ಅಂತ ಅಜ್ಜಿ ಬೈಯಬೇಕಾಯ್ತು.

ಮೊದಲು ಅವರನ್ನು "ಮಾಮ" ಅಂತ ಕರೆಯುತ್ತಿದ್ದೆ. ಮದುವೆ ಆದ ಮೇಲೆ ಮಾಮ ಅಂದರೆ ಅಮ್ಮನ ಅಣ್ಣ ಆಗ್ತಾರೆ ಅಂತ ದೊಡ್ಡಮ್ಮ ನಕ್ಕರು, ಅಮ್ಮ ಕೆಂಪಾದರು, ನಾನು ಆ ದಿನವೇ ಬಿಟ್ಟೆ. ಅದರ ಜಾಗಕ್ಕೆ ಬೇರೆ ಏನೂ ಬರಲಿಲ್ಲ. 33 ವರ್ಷ ನಾನು ಅವರನ್ನು ಏನಂತಲೂ ಕರೆಯದೆ ಮಾತಾಡಿದ್ದೇನೆ. "ಊಟಕ್ಕೆ ಬನ್ನಿ", "ಫೋನ್ ಬಂದಿದೆ", "ಹೋಗಿ ಬರ್ತೇನೆ". ಅಭ್ಯಾಸ ಆದರೆ ಕಷ್ಟ ಇಲ್ಲ. ಈಗ ಪೇಪರಿನವರಿಗೆ ಪದ ಬೇಕಲ್ಲ.

ನಿಘಂಟು ನೋಡಿದರೆ ಮಲತಂದೆ. ಬರೆಯಲಿಕ್ಕೆ ಕೈ ಬರುವುದಿಲ್ಲ. ಬೇರೆ ಏನಾದರೂ ಉಂಟಾ?

ನೀರುದೋಸೆ · 10:52

ಓಂ ಶಾಂತಿ. "ಅಪ್ಪ" ಅಂತ ಬರೆಯಿರಿ, ಮುಗೀತು. ಯಾರು ಕೇಳ್ತಾರೆ?

ಕಟಪಾಡಿ ಹುಡುಗ · 10:58

ಬರೆಯಬಹುದು. ಆದರೆ ನನ್ನ ಇನಿಶಿಯಲ್ ಅಪ್ಪನದ್ದು. ಇವರೇ ಬದಲಾಯಿಸಲಿಕ್ಕೆ ಬಿಡಲಿಲ್ಲ. ಹೈಸ್ಕೂಲಿಗೆ ಸೇರಿಸುವಾಗ ಹೆಡ್‌ಮಾಸ್ಟ್ರು ಕೇಳಿದರು, ಈಗಲೇ ಸರಿ ಮಾಡಿಬಿಡೋಣ್ವಾ ಅಂತ. "ಅದು ಸರಿಯಾಗಿಯೇ ಉಂಟು" ಅಂದರು ಇವರು. ಅಪ್ಪನ ಪುಣ್ಯತಿಥಿಗೆ ಪ್ರತೀ ವರ್ಷ ಶಂಕರಪುರಕ್ಕೆ ಹೋಗಿ ಒಂದು ಅಟ್ಟೆ ಮಲ್ಲಿಗೆ ತಂದು ಫೋಟೋಗೆ ಅವರೇ ಹಾಕುತ್ತಿದ್ದರು. ಅಂಥವರ ಜಾಹೀರಾತಿನಲ್ಲಿ ಸುಮ್ನೆ ಅಪ್ಪ ಅಂತ ಹಾಕಿದರೆ ಅವರೇ ಎದ್ದು ಬಂದು ತಿದ್ದಿಯಾರು ಅನ್ನಿಸ್ತದೆ.

ಅಟ್ಟೆ ಚೆಂಡು · 11:03

ದುಃಖದ ಮಧ್ಯೆ ತಿದ್ದುವುದಕ್ಕೆ ಕ್ಷಮೆ ಇರಲಿ. ಫೋಟೋಗೆ ಒಂದು ಅಟ್ಟೆ ಆಗಿರಲಿಕ್ಕಿಲ್ಲ. ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ಅಂದರೆ 3,200 ಹೂ. ಅಷ್ಟು ಹಾಕಿದರೆ ಫೋಟೋವೇ ಕಾಣಲ್ಲ ಮಾರಾಯ್ರೆ. ಚೆಂಡು ಇರಬೇಕು.

ಕಟಪಾಡಿ ಹುಡುಗ · 11:05

ಹೌದು ಹೌದು, ಚೆಂಡು. ನಿದ್ದೆ ಇಲ್ಲ ನಾಲ್ಕು ದಿನದಿಂದ.

ಗಡಿನಾಡಿನವ · 11:20

ನಮ್ಮ ಕಾಸರಗೋಡು ಕಡೆ ಮಲಯಾಳದಲ್ಲಿ ಇದಕ್ಕೆ ರಂಡಾನಚ್ಛನ್ ಅಂತಾರೆ. ಎರಡನೇ ಅಪ್ಪ ಅಂತ ಅರ್ಥ, ಅಷ್ಟೇ. ಕೊಳೆ ಇಲ್ಲ, ಕಸ ಇಲ್ಲ. ಎಷ್ಟು ಸಲೀಸು ನೋಡಿ. ತಮಿಳಿನಲ್ಲಿ ಮಲತಾಯಿಗೆ ಮಾಟ್ರಾಂದಾಯ್, ಅಂದರೆ ಬದಲಿಗೆ ಬಂದ ತಾಯಿ. ಕನ್ನಡದಲ್ಲಿ ಮಾತ್ರ ಕೇಳಿದ ಕೂಡಲೇ ಮೂಗು ಮುಚ್ಚುವ ಹಾಗೆ ಆಗ್ತದೆ.

ಬಂಗುಡೆ · 11:24

"ರಂಡಾನ" ಅಂತ ಕಟಪಾಡಿಯಲ್ಲಿ ಪೇಪರಿಗೆ ಹಾಕಿಸಿದರೆ ಅದಕ್ಕೂ ದೊಡ್ಡ ಗಲಾಟೆ ಆದೀತು. ಗಡಿಯ ಆಚೆಯೇ ಇರಲಿ ಅದು.

ತಕರಾರು · 11:31

ನಾನು ಒಪ್ಪುವುದಿಲ್ಲ. ಮಲತಂದೆ ಒಳ್ಳೆ ಪದ. ಕೆಟ್ಟದ್ದು ಪದ ಅಲ್ಲ, ನಮ್ಮ ಕಿವಿ. ಒಳ್ಳೆಯ ಮಲತಂದೆ ಸಿಕ್ಕಿದವರೆಲ್ಲ ಅವರನ್ನು ಅಪ್ಪ ಅಂತ ಕರೆದುಬಿಡ್ತಾರೆ, ಕೆಟ್ಟವನು ಸಿಕ್ಕಿದವರು ಮಾತ್ರ ಮಲತಂದೆ ಅಂತಾರೆ. ಹಾಗಾದ್ರೆ ಪದಕ್ಕೆ ಮರ್ಯಾದೆ ಎಲ್ಲಿಂದ ಬರಬೇಕು? ನೀವಾದರೂ ಧೈರ್ಯ ಮಾಡಿ ದಪ್ಪ ಅಕ್ಷರದಲ್ಲಿ ಹಾಕಿ. ಓದಿದವರು ಒಬ್ಬ ಒಳ್ಳೆ ಮಲತಂದೆಯೂ ಇದ್ದರು ಅಂತ ತಿಳಿಯಲಿ.

ಬಂಗುಡೆ · 11:33

ಉತ್ತರಕ್ರಿಯೆ ಮನೆಯಲ್ಲಿ ಭಾಷಾ ಚಳವಳಿ ಬೇಡ ಸ್ವಾಮಿ.

ತಕರಾರು · 11:34

ಬೇರೆ ಎಲ್ಲಿ ಮಾಡಬೇಕು? ಪದ ಬೇಕಾಗುವುದೇ ಅಂಥಾ ಕಡೆ.

ಹೆಸರು ಬೇಡ · 11:50

ನಾನೂ ಮಲಮಗಳು. ನನ್ನ ಮಟ್ಟಿಗೆ ಆ ಪದ ಸರಿಯಾಗಿಯೇ ಉಂಟು, ಜಾಸ್ತಿ ಹೇಳುವುದಿಲ್ಲ. ಕಟಪಾಡಿಯವರೇ, ನಿಮ್ಮದು ಓದಿ ಖುಷಿಯೂ ಆಯ್ತು, ಹೊಟ್ಟೆಕಿಚ್ಚೂ ಆಯ್ತು.

ಚಾವಡಿ · ಬುಧವಾರ ಬೆಳಿಗ್ಗೆ 6:15

ಒಂದು ವಿಷಯ ಗಮನಿಸಿ. ನಮ್ಮ ಕತೆಗಳಲ್ಲಿ ಮಲತಾಯಿ ಎಷ್ಟು ಬೇಕಾದರೂ ಇದ್ದಾಳೆ, ಮಲತಂದೆ ಹುಡುಕಬೇಕು. ಗಂಡಸು ಇನ್ನೊಂದು ಮದುವೆಯಾಗುತ್ತಿದ್ದ, ಹೆಂಗಸಿಗೆ ಬಹಳ ಕಡೆ ಆ ದಾರಿಯೇ ಇರಲಿಲ್ಲ. ಬಳಸದ ಪದ ನಾಲಗೆಗೆ ಹತ್ತುವುದಿಲ್ಲ.

ಆದರೆ ತುಳುನಾಡಿನ ಲೆಕ್ಕ ಬೇರೆ. ಇಲ್ಲಿ ವಿಧವೆಯ ಮದುವೆಗೆ ಕ್ರಮವೇ ಇತ್ತು, ಹೆಸರೂ ಇತ್ತು. ಮೊದಲ ಮದುವೆ ಕೈಧಾರೆ, ವಿಧವೆಯದ್ದು ಬುಡುಧಾರೆ. ನಮ್ಮ ಅಜ್ಜಿಯ ಕಾಲದವರು ಅದನ್ನು ಗುಟ್ಟು ಅಂತ ಹೇಳುತ್ತಿರಲಿಲ್ಲ, ಮಳೆ ಬಂತು ಅನ್ನುವ ಹಾಗೆ ಹೇಳುತ್ತಿದ್ದರು. ಮರ್ಯಾದೆಯ ಗಲಾಟೆ ಎಲ್ಲ ಆಮೇಲೆ ಶಾಲೆ ಕಲಿತ ನಮ್ಮಂಥವರು ತಂದದ್ದು. ನಿಮ್ಮ ಅಜ್ಜಿ ಮುಂದೆ ನಿಂತು ಮಾಡಿಸಿದರು ಅಂದಾಗ ನನಗೆ ಏನೂ ಆಶ್ಚರ್ಯ ಆಗಲಿಲ್ಲ.

ಕಟಪಾಡಿ ಹುಡುಗ · 7:02

ಅಜ್ಜಿ ಒಂದು ಮಾತು ಹೇಳುತ್ತಿದ್ದದ್ದು ಈಗ ನೆನಪಾಯ್ತು. ಊರಿನವರು "ಮನೆ ಅಳಿಯ" ಅಂತ ಆಡಿಕೊಂಡರೆ, "ಹೌದು, ಮನೆಗೇ ಅಳಿಯ, ಬೀದಿಗಲ್ಲ" ಅನ್ನುವರು.

ಇನ್ನೊಂದು ತಲೆಬಿಸಿ ಹೇಳಿಬಿಡ್ತೇನೆ. ಇವರಿಗೆ ಬೇರೆ ಮಕ್ಕಳಿಲ್ಲ. ಚಿತೆಗೆ ಬೆಂಕಿ ಕೊಟ್ಟದ್ದು ಇವರ ಅಕ್ಕನ ಮಗ, ನಾನು ಪಕ್ಕದಲ್ಲಿ ನಿಂತಿದ್ದೆ. ಈಗ ಭಾನುವಾರದ ಕ್ರಿಯೆಗೆ ಯಾರು ಕೂರುವುದು ಅಂತ ಮಾತು ಬಂದಿದೆ. "ಮಲಮಗ ಕೂರುವ ಕ್ರಮ ಇಲ್ಲ, ಬಳಿ ಬೇರೆ" ಅಂತ ಅವರ ಕಡೆಯ ಒಬ್ಬ ಹಿರಿಯರು ಹೇಳಿದರು. (ಬಳಿ ಅಂದರೆ ನಮ್ಮಲ್ಲಿ ಗೋತ್ರದ ಹಾಗೆ.) ಅಮ್ಮ ಎದ್ದು ಒಳಗೆ ಹೋದರು.

ಚಾವಡಿ · 7:20

ಬಳಿ ಅಮ್ಮನಿಂದ ಬರುವ ಮನೆಯವರು ತಾನೇ ನೀವು?

ಕಟಪಾಡಿ ಹುಡುಗ · 7:21

ಹೌದು. ಎರಡೂ ಕಡೆ ಅಳಿಯಕಟ್ಟು, ವಂಶ ಅಮ್ಮನ ಕಡೆಯಿಂದ.

ಚಾವಡಿ · 7:44

ಹಾಗಾದ್ರೆ ಆ ಹಿರಿಯರಿಗೆ ನನ್ನ ಒಂದು ಪ್ರಶ್ನೆ ತಲುಪಿಸಿ. ಅಳಿಯಕಟ್ಟು ತಂದವನು ಅಂತ ಹೇಳುವ ಭೂತಾಳ ಪಾಂಡ್ಯನ ಕಟ್ಟಿನ ಪ್ರಕಾರ ಮಗ ಯಾವತ್ತೂ ಅಮ್ಮನ ಬಳಿ. ಇವರಿಗೆ ನಿಮ್ಮ ಅಮ್ಮನಲ್ಲಿ ಸ್ವಂತ ಮಗ ಹುಟ್ಟಿದ್ದರೂ ಅವನ ಬಳಿ ಬೇರೆಯೇ, ನಿಮ್ಮದೇ ಬಳಿ. ಅಂದರೆ ಹೆತ್ತ ಮಗ, ಮಲಮಗ ಇಬ್ಬರೂ ಬಳಿಯ ಲೆಕ್ಕದಲ್ಲಿ ಒಂದೇ ಸಾಲಿನಲ್ಲಿ ನಿಲ್ತಾರೆ. ಇವತ್ತು ಇದೇ ಕಟ್ಟಿನ ಮನೆಗಳಲ್ಲಿ ಅಪ್ಪನ ಕ್ರಿಯೆಗೆ ಮಕ್ಕಳು ಕೂರ್ತಾರಲ್ಲ, ಅವರ ಬಳಿ ಯಾರು ಕೇಳಿದ್ದಾರೆ? ಬಳಿ ಬೇರೆ ಅಂತ ನಿಮ್ಮನ್ನು ಎಬ್ಬಿಸುವುದಾದರೆ ಊರಿನ ಅರ್ಧ ಗಂಡಸರನ್ನು ಅಪ್ಪನ ಕ್ರಿಯೆಯಿಂದ ಎಬ್ಬಿಸಬೇಕು.

ಬಂಗುಡೆ · 7:46

ಇದಪ್ಪಾ ಪಾಯಿಂಟು.

ತಕರಾರು · 7:50

ಪಾಯಿಂಟು ಸರಿ. ಆದರೆ ಹಳೇ ಕಟ್ಟಿನಲ್ಲಿ ಅಕ್ಕನ ಮಗನದ್ದೇ ಮೊದಲ ಹಕ್ಕು ಅಂತ ಅದೇ ಬಾಯಿಯಲ್ಲಿ ಒಪ್ಪಬೇಕಾಗ್ತದೆ.

ಕರಿ ಕೋಟು · 8:30

ಹಕ್ಕಿನ ಮಾತು ಬಂತು ಅಂತ ಹೇಳ್ತೇನೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಆಸ್ತಿಯಲ್ಲಿ ಅಳಿಯಕಟ್ಟಿನ ಹಳೇ ಲೆಕ್ಕ ನಡೆಯುವುದಿಲ್ಲ. ಗಂಡಸು ವಿಲ್ ಬರೆಯದೆ ಹೋದರೆ ಹೆಂಡತಿ ಮೊದಲ ದರ್ಜೆ ವಾರಸುದಾರರು. ಮಲಮಗನಿಗೆ ನೇರವಾಗಿ ಏನೂ ಬರುವುದಿಲ್ಲ, ಕಾಯ್ದೆಯ "ಮಗ" ಅನ್ನುವ ಪದದಲ್ಲಿ ಅವನು ಸೇರಿಲ್ಲ. ಆದರೆ ಅಮ್ಮನ ಹೆಸರಿಗೆ ಬಂದದ್ದು ಮುಂದೆ ಅಮ್ಮ ಹೆತ್ತ ಮಗನಿಗೆ ಬರ್ತದೆ. ಬ್ಯಾಂಕಿನಲ್ಲಿ ನಾಮಿನಿ ಇದ್ದರೆ ಅವನೇ ಯಜಮಾನ ಅಂತ ತಿಳಿಯಬೇಡಿ, ಹಣ ಕೈಗೆ ತಗೊಳ್ಳಲಿಕ್ಕೆ ಮಾತ್ರ ಅದು. ಇಂಥ ಮನೆಗಳಲ್ಲಿ ವಿಲ್ ಬರೆದಿಡುವುದು ಒಳ್ಳೇದು.

ಕಟಪಾಡಿ ಹುಡುಗ · 8:41

ಆಸ್ತಿ ಯಾರು ಕೇಳಿದರು ಸಾರ್? ಅವರು ಬಿಟ್ಟು ಹೋದದ್ದು ಒಂದು ಸ್ಕೂಟರು, ಮೂರು ಡಬ್ಬಿ ಮಣ್ಣು, ಒಂದು ಲೋಟ.

ಕರಿ ಕೋಟು · 8:43

ಬೇಜಾರು ಮಾಡಬೇಡಿ. ಓದುವ ಬೇರೆಯವರಿಗೆ ಉಪಯೋಗ ಆಗಲಿ ಅಂತ ಬರೆದೆ.

ಪಡುಬಿದ್ರಿ ಪೋಸ್ಟು · 8:45

ಮೂರು ಡಬ್ಬಿ ಮಣ್ಣಾ??

ಕಟಪಾಡಿ ಹುಡುಗ · 9:30

ಅದು ದೊಡ್ಡ ಕತೆ. ಅವರು ಕೊಂಕಣ ರೈಲಿನ ಕೆಲಸಕ್ಕೆ ಸೇರಿದ್ದು ಆ ಕಂಪನಿ ಶುರುವಾದ ಹೊಸತರಲ್ಲೇ. ತೋಕೂರಿನಿಂದ ಉಡುಪಿವರೆಗಿನ 47 ಕಿ.ಮೀ. ಮೊದಲು ಆಯಿತಲ್ಲ, ಅದರಲ್ಲಿ ಇನ್ನಂಜೆ–ಪಡುಬಿದ್ರಿ ಕಡೆ ಮಣ್ಣಿನ ಕೆಲಸ ನೋಡುತ್ತಿದ್ದವರು. ಮಂಗಳೂರಿನ ಕೆಪಿಟಿ ಪಾಲಿಟೆಕ್ನಿಕ್‌ನ ಡಿಪ್ಲೊಮಾ. ಯಾರಾದರೂ ಎಂಜಿನಿಯರ್ ಅಂದರೆ "ಅಲ್ಲ, ಸೂಪರ್‌ವೈಸರ್" ಅಂತ ತಿದ್ದುವರು, ನಿವೃತ್ತಿ ಆದ ಮೇಲೂ ತಿದ್ದುವರು.

ನಮ್ಮ ಕಡೆ ಮೇಲೆ ಮುರಕಲ್ಲು (ಜಂಬಿಟ್ಟಿಗೆ), ಅದರ ಅಡಿಯಲ್ಲಿ ಶೇಡಿ ಮಣ್ಣು. ಬಿಳಿ, ಗುಲಾಬಿ, ಹಳದಿ ಬಣ್ಣದ್ದು, ನೋಡಲಿಕ್ಕೆ ಚಂದ. ಒಣಗಿದ್ದಾಗ ಪಿಕ್ಕಾಸಿಗೂ ಬಗ್ಗುವುದಿಲ್ಲ. ನೀರು ಕುಡಿದರೆ ಸೋಪಿನ ಹಾಗೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಊರಿನಲ್ಲಿ ಇದೇ ಮಣ್ಣನ್ನು ಕಡಿದು ರೈಲು ಬಿಡಬೇಕು. ಅವರ ತಲೆಯಲ್ಲಿ ಇಪ್ಪತ್ತನಾಲ್ಕು ಗಂಟೆ ಇದೇ ಓಡುತ್ತಿತ್ತು.

1993ರ ಮಾರ್ಚಿನಲ್ಲಿ ಉಡುಪಿಗೆ ಮೊದಲ ರೈಲು ಬಂದಾಗ ನನ್ನನ್ನೂ ಕರೆದುಕೊಂಡು ಹೋದರು. ಜನ ಅಂದರೆ ಜನ. ವೇದಿಕೆ, ಬಾಳೆಕಂಬ, ಬ್ಯಾಂಡು. ಇವರಿಗೆ ಮುಂದೆ ಕುರ್ಚಿ ಇತ್ತಂತೆ, ಆಮೇಲೆ ಅಮ್ಮನಿಗೆ ಯಾರೋ ಹೇಳಿದ್ದು. ನಾವು ನಿಂತದ್ದು ಸ್ಟೇಷನಿನಿಂದ ಸುಮಾರು ದೂರದಲ್ಲಿ, ಬರೆಯ (ಗುಡ್ಡ ಕಡಿದಾಗ ನಿಲ್ಲುವ ಮಣ್ಣಿನ ಗೋಡೆ) ಬದಿಯಲ್ಲಿ. ರೈಲು ಬಂತು. ಎಲ್ಲರೂ ಎಂಜಿನ್ ನೋಡುತ್ತಿದ್ದರೆ ಇವರು ಬರೆ ನೋಡುತ್ತಿದ್ದರು. ರೈಲು ಹೋದ ಮೇಲೆ ಬರೆಯ ಮೇಲೆ ಕೈ ಇಟ್ಟರು, ಹಸುವಿನ ಮೈ ಮುಟ್ಟಿ ನೋಡುವ ಹಾಗೆ. "ಮಳೆಗಾಲ ಆಗಲಿ, ಆಮೇಲೆ ಹೇಳ್ತೇನೆ" ಅಂದರು. ನನಗೆ ಹತ್ತು ವರ್ಷ, ಏನು ಅಂತ ಅರ್ಥ ಆಗಲಿಲ್ಲ.

ಲೋಟದ ವಿಷಯ ಆಮೇಲೆ ಬರೀತೇನೆ, ಶಾಮಿಯಾನದವರು ಬಂದರು.

ಮುರಕಲ್ಲು ಮೇಸ್ತ್ರಿ · ಮಧ್ಯಾಹ್ನ 1:15

ಒಂದು ನಿಮಿಷ. ನಾನು ಇಲ್ಲಿ ಬರೆಯುವವನಲ್ಲ, ಮಗಳು ಓದಿ ತೋರಿಸಿದಳು, ಅವಳೇ ಟೈಪ್ ಮಾಡ್ತಿದ್ದಾಳೆ.

ನೀವು ಹೇಳುತ್ತಿರುವುದು ಶೇಡಿ ಸಾಹೇಬ್ರ ವಿಷಯವಾ? ಎತ್ತರ, ಸಪೂರ, ಯಾವಾಗಲೂ ಕಪ್ಪು ಕೊಡೆ, ಬಿಸಿಲಿಗೂ ಕೊಡೆ ಬಿಡಿಸದೆ ಅದರ ತುದಿಯಲ್ಲಿ ಮಣ್ಣು ಕುತ್ತುವವರು?

ಕಟಪಾಡಿ ಹುಡುಗ · 1:22

ಕೊಡೆ ಹೌದು!! ಅದರ ತುದಿ ಸವೆದು ಮೂರು ಸಲ ಬದಲಾಯಿಸಿದ್ದಾರೆ. ಶೇಡಿ ಸಾಹೇಬ್ರು ಅನ್ನುವ ಹೆಸರು ಮಾತ್ರ ನಾನು ಇವತ್ತೇ ಕೇಳುತ್ತಿರುವುದು.

ಮುರಕಲ್ಲು ಮೇಸ್ತ್ರಿ · 2:05

ಅವರ ಎದುರು ಯಾರೂ ಹೇಳುತ್ತಿರಲಿಲ್ಲ. ಕೆಲಸದವರು ಇಟ್ಟ ಹೆಸರು.

ನಾನು ಆಗ ಮಣ್ಣು ಕೆಲಸದ ಗುತ್ತಿಗೆಯಲ್ಲಿ ಮೇಸ್ತ್ರಿ. ಬರೆಯನ್ನು ನೆಟ್ಟಗೆ ಕಡಿದರೆ ಕೆಲಸ ಬೇಗ, ಮಣ್ಣು ಕಡಿಮೆ, ಖರ್ಚು ಕಡಿಮೆ. ಇವರು ಇಳಿಜಾರು ಮಾಡಿ, ಮಧ್ಯೆ ಮೆಟ್ಟಿಲು ಬಿಡಿ ಅಂತ ಹಟ. ನಮ್ಮ ಗುತ್ತಿಗೆದಾರರಿಗೆ ಸಿಟ್ಟು. ಮೇ ತಿಂಗಳು, ಬರೆ ಸಿಮೆಂಟು ಗೋಡೆಯ ಹಾಗೆ ನಿಂತಿದೆ, ಎಂತ ಆಗ್ತದೆ ಅಂತ ವಾದ. ಸಾಹೇಬ್ರು ಏನೂ ಮಾತಾಡಲಿಲ್ಲ. ಬ್ಯಾಗಿನಿಂದ ಸ್ಟೀಲ್ ಲೋಟ ತೆಗೆದರು, ನೀರು ತುಂಬಿಸಿದರು, ಅದೇ ಬರೆಯಿಂದ ಲಿಂಬೆಯಷ್ಟು ದೊಡ್ಡ ಒಣ ಹೆಂಟೆ ತೆಗೆದು ಅದರೊಳಗೆ ಬಿಟ್ಟರು. "ನೀವು ಚಾ ಕುಡಿಯಿರಿ" ಅಂದರು. ಮೊದಲು ಗುಳುಗುಳು ಗುಳ್ಳೆ ಬಂತು. ಆಮೇಲೆ ಒಂದು ಬದಿ ಉದುರಿತು. ಗುತ್ತಿಗೆದಾರರ ಚಾ ಮುಗಿಯುವಾಗ ಲೋಟದ ಅಡಿಯಲ್ಲಿ ಗಂಜಿ. "ಇದರ ಬುಡದಲ್ಲಿ ಜನ ರೈಲಿನಲ್ಲಿ ಕೂತು ಹೋಗ್ತಾರೆ" ಅಂದರು, ಅಷ್ಟೇ. ನಾವು ಇಳಿಜಾರು ಕಡಿದೆವು.

ಕೂಲಿ ಕೊಡುವ ದಿನ ಅವರು ಬೇಕು ಅಂತಲೇ ಅಲ್ಲಿ ಇರುತ್ತಿದ್ದರು. ಯಾರಿಗೂ ಒಂದು ರೂಪಾಯಿ ಕಡಿಮೆ ಆಗಲಿಲ್ಲ ನಮಗೆ. ದೊಡ್ಡ ಮನುಷ್ಯ. ಭಾನುವಾರ ನಾನು ಬರಬಹುದಾ?

ಕಟಪಾಡಿ ಹುಡುಗ · 2:11

ಬರಬಹುದಾ ಅಂತ ಕೇಳ್ತೀರಾ. ಖಂಡಿತ ಬನ್ನಿ. ಮಗಳನ್ನೂ ಕರ್ಕೊಂಡು ಬನ್ನಿ.

ಇದೇ ಲೋಟ ನಾನು ಹೇಳಲಿಕ್ಕೆ ಹೊರಟದ್ದು! ನನಗೂ ಅದೇ ಆಟ ತೋರಿಸಿದ್ದರು. ಎರಡು ಲೋಟ ಇಟ್ಟು, ಒಂದರಲ್ಲಿ ಮುರಕಲ್ಲಿನ ಚೂರು, ಇನ್ನೊಂದರಲ್ಲಿ ಶೇಡಿ ಹೆಂಟೆ. ಮುರಕಲ್ಲು ರಾತ್ರಿ ಇಡೀ ಹಾಗೆಯೇ. ಅಮ್ಮ ಎರಡನೇ ಲೋಟಕ್ಕೆ ಮೊಳೆಯಿಂದ ಗೀರಿ ಗುರುತು ಮಾಡಿದ್ದಾರೆ, ಯಾರೂ ಕುಡಿಯಬಾರದು ಅಂತ. ಮನೆಯಲ್ಲಿ ಅದಕ್ಕೆ ಹೆಸರೇ ಮಣ್ಣಿನ ಲೋಟ.

ಹಳಿ ಪಕ್ಕದ ಮನೆ · 3:40

ನಾನು ರೈಲ್ವೆಯಲ್ಲೇ ಇದ್ದೆ, ಆದರೆ ಬೇರೆ ವಿಭಾಗ. ಇವರನ್ನು ದೂರದಿಂದ ಬಲ್ಲೆ ಅನ್ನಿಸ್ತದೆ. ಜೂನ್‌ನಲ್ಲಿ ಮಳೆಗಾಲದ ವೇಳಾಪಟ್ಟಿ ಬಂದು ರೈಲುಗಳ ವೇಗ ಇಳಿಸುತ್ತಾರಲ್ಲ, ಜನ ಬೈತಾರೆ, ತಡ ಆಯ್ತು ಅಂತ. ನಿಧಾನ ಹೋಗಲಿ ಅನ್ನುವವರ ಗುಂಪಿನವರು ಇವರೆಲ್ಲ. 2003ರ ಜೂನ್‌ನಲ್ಲಿ ಮಹಾರಾಷ್ಟ್ರದ ವೈಭವವಾಡಿ ಹತ್ತಿರ ಬರೆ ಜರಿದು ರೈಲು ಹಳಿ ತಪ್ಪಿತು, ಸುಮಾರು ಜನ ಹೋದರು. ಆ ವಾರ ಕಚೇರಿಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ.

ಕಟಪಾಡಿ ಹುಡುಗ · 4:02

ಆ ದಿನ ನನಗೆ ಗೊತ್ತು. ಅದು ಅವರ ವಿಭಾಗವೂ ಅಲ್ಲ, ಅವರು ನೋಡಿದ ಜಾಗವೂ ಅಲ್ಲ. ಆದರೂ ಮಧ್ಯರಾತ್ರಿ ಎದ್ದು ಕೊಡೆ, ಟಾರ್ಚು ತಗೊಂಡು ನಮ್ಮ ಮನೆ ಹಿಂದಿನ ಬರೆ ನೋಡಿ ಬಂದರು. ನಾನು ಕಾಲೇಜು ಮುಗಿಸಿದ ವರ್ಷ ಅದು. "ಎಂತ ಆಯ್ತು" ಅಂತ ಕೇಳಿದೆ. "ಏನೂ ಇಲ್ಲ, ನೀರು ಹೋಗುವ ಕಣಿ ಸರಿ ಉಂಟಾ ಅಂತ ನೋಡಿದೆ" ಅಂದರು. ನಾನೂ ಎದ್ದು ಅವರ ಜೊತೆ ಜಗಲಿಯಲ್ಲಿ ಬೆಳಗಾಗುವವರೆಗೆ ಕೂತೆ. ಏನೂ ಮಾತಿಲ್ಲ. ಮಳೆ ಸುರಿಯುತ್ತಾ ಇತ್ತು. ಬೆಳಿಗ್ಗೆ ಅಮ್ಮ ಬಂದು ನೋಡಿ ಇಬ್ಬರಿಗೂ ಬೈದರು.

ಬಂಗುಡೆ · 4:10

ಊಟಕ್ಕೆ ಏನು ಇಷ್ಟ ಅವರಿಗೆ? ಹೀಗೆ ಕೇಳಿದೆ.

ಕಟಪಾಡಿ ಹುಡುಗ · 4:14

ಗಂಜಿ, ಒಣ ಮೀನಿನ ಚಟ್ನಿ. ಮಳೆಗಾಲದಲ್ಲಿ ದೋಣಿ ಇಳಿಯದ ಎರಡು ತಿಂಗಳು ಅವರಿಗೆ ಹಬ್ಬ, ತಾಜಾ ಮೀನು ಬಂದರೆ ಮುಖ ಸಣ್ಣದಾಗುತ್ತಿತ್ತು.

ಬಂಗುಡೆ · 4:15

ನಮ್ಮವರೇ.

ನೀರುದೋಸೆ · 4:31

ಒಣ ಮೀನು ಚಟ್ನಿಗೆ ತೆಂಗಿನಕಾಯಿ ಹುರೀಬೇಕಾ ಹಸಿ ಹಾಕಬೇಕಾ ಅಂತ ಇಲ್ಲಿ ಶುರು ಮಾಡಬೇಡಿ ದಯವಿಟ್ಟು. ಹೋದ ವರ್ಷ 140 ಕಾಮೆಂಟು ಆಗಿತ್ತು.

ಬಂಗುಡೆ · 4:32

ಹಸಿ.

ನಿರ್ವಾಹಕ · 4:50

ಚಟ್ನಿಯ ಏಳು ಕಾಮೆಂಟು ತೆಗೆದಿದ್ದೇನೆ. ಅದಕ್ಕೆ ಬೇರೆ ಎಳೆ ಉಂಟು.

ಅಚ್ಚಿನ ಮನೆ · ಸಂಜೆ 6:20

ಎಲ್ಲ ಓದಿದೆ. ನಾನು ಒಂದು ಪೇಪರಿನ ಜಾಹೀರಾತು ಕೌಂಟರಿನಲ್ಲಿ 19 ವರ್ಷ ಕೂತವನು, ದಿನಕ್ಕೆ ಹತ್ತಾದರೂ ಶ್ರದ್ಧಾಂಜಲಿ ನನ್ನ ಕೈಯಿಂದ ಹೋಗುತ್ತಿತ್ತು. ನಿಮ್ಮ ಸಮಸ್ಯೆಗೆ ಪದವೇ ಬೇಕಿಲ್ಲ.

ಮೇಲೆ ಫೋಟೋ, ಹೆಸರು, ತಾರೀಕು. "ನಮ್ಮ ಪ್ರೀತಿಯ" ಅಂತ ಶುರು ಮಾಡಿದ್ದೀರಲ್ಲ, ಅದನ್ನು ಹೊಡೆದು ಹಾಕಿ. ತೀರಿಕೊಂಡವರ ಹೆಸರಿನ ಹತ್ತಿರ ಸಂಬಂಧ ಬರೆಯಲೇಬೇಕು ಅಂತ ಇಲ್ಲ. ಸಂಬಂಧ ಬರುವುದು ಕೆಳಗೆ, ಬದುಕಿರುವವರ ಸಾಲಿನಲ್ಲಿ. "ದುಃಖತಪ್ತ ಪತ್ನಿ, ಮಗ, ಸೊಸೆ, ಮೊಮ್ಮಕ್ಕಳು ಹಾಗೂ ಬಂಧುಮಿತ್ರರು". ನೀವು ಅವರಿಗೆ ಏನು ಅಂತ ಬರೆದರೆ ಸಾಕು, ಅವರು ನಿಮಗೆ ಏನು ಅಂತ ಬರೆಯುವುದು ಬೇಡ. ಯಾವ ಮಗ ಅಂತ ಕೌಂಟರಿನಲ್ಲಿ ಯಾರೂ ಕೇಳುವುದಿಲ್ಲ. ನಾವು ಕೇಳುವುದು ಎಷ್ಟು ಸೆಂಟಿಮೀಟರು ಅಂತ.

ತಕರಾರು · 6:28

ಇದು ಪ್ರಶ್ನೆಯಿಂದ ತಪ್ಪಿಸಿಕೊಂಡ ಹಾಗೆ ಆಯ್ತು.

ಅಚ್ಚಿನ ಮನೆ · 6:33

ಹೌದು. 19 ವರ್ಷ ಅದೇ ಮಾಡಿದ್ದು. ಎರಡು ಹೆಂಡತಿಯರ ಮನೆ, ಮಾತು ಬಿಟ್ಟ ಮಕ್ಕಳ ಮನೆ, ಎಲ್ಲ ನೋಡಿ ಆಗಿದೆ.

ಹೆಸರು ಬೇಡ · 6:40

ಚಿಕ್ಕಮ್ಮ ಅಂತ ಮಲತಾಯಿಯನ್ನು ಕರೀತಾರಲ್ಲ ಎಷ್ಟೋ ಮನೆಯಲ್ಲಿ. ಹಾಗೆ ಚಿಕ್ಕಪ್ಪ ಅಂತಲೂ ಕರೆಯಬಹುದಿತ್ತು ಅಲ್ವಾ ನೀವು? ತಡ ಆಯ್ತು, ಸುಮ್ನೆ ಹೇಳಿದೆ.

ಕಟಪಾಡಿ ಹುಡುಗ · 6:52

ಹೊಳೆಯಲೇ ಇಲ್ಲ ನೋಡಿ. ಹತ್ತು ವರ್ಷದವನಿದ್ದಾಗ ನೀವು ಪಕ್ಕದ ಮನೆಯಲ್ಲಿ ಇರಬೇಕಿತ್ತು.

ಪಡುಬಿದ್ರಿ ಪೋಸ್ಟು · 7:30

ಕೇಳಬಾರದ ಹೊತ್ತಿನಲ್ಲಿ ಕೇಳ್ತಿದ್ದೇನೆ, ಕ್ಷಮಿಸಿ. ನಮ್ಮ ಮನೆಯ ಹಿಂದಿನ ಬರೆಗೆ ಹೋದ ವರ್ಷ ತಡೆಗೋಡೆ ಕಟ್ಟಿಸಿದೆವು, ಎರಡೂವರೆ ಲಕ್ಷ ಆಯ್ತು. ಈಗ ಗೋಡೆ ಮಧ್ಯೆ ಹೊಟ್ಟೆ ಬಂದ ಹಾಗೆ ಉಬ್ಬಿದೆ. ಮಳೆ ಬೇರೆ ಹತ್ತಿರ ಬಂತು. ಮೇಲಿನ ಮಣ್ಣು ಕೆಂಪು, ಕೆಳಗೆ ನೀವು ಹೇಳಿದ ಹಾಗೆ ಗುಲಾಬಿ. ಅವರು ಇದ್ದಿದ್ದರೆ ಏನು ಹೇಳುತ್ತಿದ್ದರು?

ಮುರಕಲ್ಲು ಮೇಸ್ತ್ರಿ · 8:05

ಗೋಡೆಯಲ್ಲಿ ನೀರು ಹೊರಗೆ ಬರಲಿಕ್ಕೆ ಪೈಪು ಇಟ್ಟಿದ್ದಾರಾ ನೋಡಿ. ಇಟ್ಟಿದ್ದರೆ ಅದರಿಂದ ನೀರು ಬರ್ತದಾ ನೋಡಿ. ಗೋಡೆಯ ಹಿಂದೆ ಮಣ್ಣು ತುಂಬಿಸಿದ್ದಾರಾ ಜಲ್ಲಿ ತುಂಬಿಸಿದ್ದಾರಾ?

ಪಡುಬಿದ್ರಿ ಪೋಸ್ಟು · 8:09

ಪೈಪು ಇಲ್ಲ. ಹಿಂದೆ ಅಲ್ಲೇ ಕಡಿದ ಮಣ್ಣು ತುಂಬಿಸಿದರು, ದುಡ್ಡು ಉಳೀತದೆ ಅಂತ.

ಕಟಪಾಡಿ ಹುಡುಗ · 8:25

ಅವರು ಹೇಳುತ್ತಿದ್ದದ್ದು ನನಗೆ ಬಾಯಿಪಾಠ. ಗೋಡೆ ಬೀಳುವುದು ಮಣ್ಣಿನ ಭಾರಕ್ಕಿಂತ ಹಿಂದೆ ನಿಂತ ನೀರಿಗೆ. ಮೊದಲು ಬರೆಯ ಮೇಲಿನಿಂದ ಒಂದು ಕಣಿ ತೋಡಿಸಿ, ಮಳೆ ನೀರು ಬರೆಗೆ ಇಳಿಯದೆ ಬದಿಯ ತೋಡಿಗೆ ಹೋಗುವ ಹಾಗೆ. ಬರೆಯ ತಲೆಯ ಮೇಲೆ ಅಡಿಕೆ ಗಿಡಕ್ಕೆ ನೀರು ಬಿಡುತ್ತಿದ್ದರೆ ನಿಲ್ಲಿಸಿ. ಲಾವಂಚ ನೆಡಬಹುದು, ಬೇರು ಆಳಕ್ಕೆ ಹೋಗ್ತದೆ, ಆದರೆ ಈ ಮಳೆಗಾಲಕ್ಕೆ ಅದು ಸಾಲದು. ಉಬ್ಬಿದ ಗೋಡೆಯನ್ನು ಗೊತ್ತಿದ್ದವರು ಖುದ್ದು ನೋಡದೆ ನಾನು ಏನೂ ಹೇಳುವುದಿಲ್ಲ. ಮಳೆ ಜೋರಾದ ರಾತ್ರಿ ಆ ಬದಿಯ ಕೋಣೆಯಲ್ಲಿ ಮಾತ್ರ ಮಲಗಬೇಡಿ. ಇದು ಅವರದ್ದೇ ಮಾತು, ಯಾರ ಮನೆಗೆ ಹೋದರೂ ಕೊನೆಗೆ ಹೇಳುತ್ತಿದ್ದದ್ದು.

ಒಂದು ಪೈಸೆ ತಗೊಳ್ಳುತ್ತಿರಲಿಲ್ಲ. ಕೆಲವು ಕಡೆ ಬೆಲ್ಲ ನೀರು ಸಿಗುತ್ತಿತ್ತು.

ಮುರಕಲ್ಲು ಮೇಸ್ತ್ರಿ · 8:31

ಪಡುಬಿದ್ರಿ ಅಮ್ಮ, ನಾಳೆ ಬೆಳಿಗ್ಗೆ ನಾನು ಬರ್ತೇನೆ. ಮಗಳು ನಿಮಗೆ ಮೆಸೇಜ್ ಮಾಡ್ತಾಳೆ.

ಕಟಪಾಡಿ ಹುಡುಗ · ಗುರುವಾರ ರಾತ್ರಿ 9:45

ಎಲ್ಲರಿಗೂ ವರದಿ ಒಪ್ಪಿಸ್ತೇನೆ.

ಜಾಹೀರಾತು ಕೊಟ್ಟು ಬಂದೆ. ಅಚ್ಚಿನ ಮನೆಯವರು ಹೇಳಿದ ಹಾಗೆಯೇ. ಹೆಸರು, ಕೆಳಗೆ ಪತ್ನಿ, ಮಗ, ಸೊಸೆ, ಮೊಮ್ಮಗಳು. ಹೆಸರಿನ ಕೆಳಗೆ "ನಿವೃತ್ತ ರೈಲ್ವೆ ಎಂಜಿನಿಯರ್" ಅಂತ ಹಾಕಿದ್ದೆ. ಅಮ್ಮ ಕನ್ನಡಕ ಹಾಕಿಕೊಂಡು ಓದಿ "ಸೂಪರ್‌ವೈಸರ್ ಅಂತ ಮಾಡು, ಇಲ್ಲದಿದ್ರೆ ಅವರಿಗೆ ಸಮಾಧಾನ ಆಗ್ಲಿಕ್ಕಿಲ್ಲ" ಅಂದರು. ಮಾಡಿದೆ. ಕೌಂಟರಿನಲ್ಲಿ ಕೇಳಿದ್ದು ನಿಜವಾಗಿಯೂ ಸೆಂಟಿಮೀಟರ್ ಮಾತ್ರ.

ಕ್ರಿಯೆಯ ವಿಷಯ. ಚಾವಡಿಯವರ ಪ್ರಶ್ನೆಯನ್ನು ಆ ಹಿರಿಯರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ, ಇವರ ಅಕ್ಕನ ಮಗನಿಗೆ ಫೋನ್ ಮಾಡಿ ಓದಿ ಹೇಳಿದೆ. ಅವರಿಗೂ ಅರವತ್ತೆರಡು. ಪೂರ್ತಿ ಕೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಳಿಗಿಳಿ ನನಗೆ ಗೊತ್ತಿಲ್ಲ ಮಾರಾಯ, ನನಗೆ ಮೊಣಕಾಲು ನೋವು, ಎರಡು ಗಂಟೆ ನೆಲದಲ್ಲಿ ಕೂರ್ಲಿಕ್ಕೆ ಆಗುವುದಿಲ್ಲ. ನೀನೇ ಕೂರು. ಹಿರಿಯರಿಗೆ ನಾನು ಹೇಳ್ತೇನೆ" ಅಂದರು.

ಚಾವಡಿ · 9:58

ಅವರ ಮೊಣಕಾಲಿಗೆ ನನ್ನ ನಮಸ್ಕಾರ ತಿಳಿಸಿ.

ತಕರಾರು · 10:03

ನಾನು ಈಗಲೂ ಹೇಳ್ತೇನೆ, ಮಲತಂದೆ ಅಂತ ಹಾಕಬಹುದಿತ್ತು. ಭಾನುವಾರ ನಾನೂ ಬರ್ತೇನೆ, ಜಾಗ ಎಲ್ಲಿ?

ಕಟಪಾಡಿ ಹುಡುಗ · 10:07

ಮನೆಯಲ್ಲೇ. ಕಟಪಾಡಿ ಪೇಟೆಯಿಂದ ಶಂಕರಪುರ ದಾರಿ, ಜಾಗದ ಗುರುತು ಬೇಕಾದವರಿಗೆ ಮೆಸೇಜ್ ಮಾಡ್ತೇನೆ. ಮಧ್ಯಾಹ್ನ ಹನ್ನೆರಡೂವರೆಗೆ ಊಟ. ಕಾರಿನಲ್ಲಿ ಬರುವವರು ಗದ್ದೆಯ ಬದಿಗೆ ನಿಲ್ಲಿಸಿ, ಬರೆಯ ಬುಡದಲ್ಲಿ ಬೇಡ.

ಪಡುಬಿದ್ರಿ ಪೋಸ್ಟು · 10:15

ಮೇಸ್ತ್ರಿಯವರು ಇವತ್ತು ಬಂದು ನೋಡಿ ಹೋದರು. ನಾಳೆಯಿಂದ ಕಣಿ ತೋಡುವ ಕೆಲಸ ಶುರು, ಗೋಡೆಗೆ ತೂತು ಕೊರೆದು ಪೈಪು ಹಾಕುವುದು ಆಮೇಲೆ. ಬರೆಯ ಅಡಿಯ ಮಣ್ಣು ಯಾವುದು ಅಂತ ಅವರಿಗೂ ಪೂರ್ತಿ ಖಾತ್ರಿ ಆಗಲಿಲ್ಲ. ಭಾನುವಾರ ಬರುವಾಗ ಸ್ವಲ್ಪ ತರಲಾ? ಉತ್ತರಕ್ರಿಯೆಗೆ ಮಣ್ಣು ತರುವುದು ಸರಿಯಾ ತಪ್ಪಾ ಅದೂ ಗೊತ್ತಿಲ್ಲ.

ಕಟಪಾಡಿ ಹುಡುಗ · 10:19

ಅಮ್ಮನನ್ನು ಕೇಳಿದೆ. ತರಲಿ ಅಂದರು. ಒಂದು ಹೆಂಟೆ ಸಾಕು, ಚೆನ್ನಾಗಿ ಒಣಗಿದ್ದು. ಲೋಟ ಇಲ್ಲೇ ಉಂಟು.